ಮೇಳವನ್ನು ಮೇ ತಿಂಗಳಿಗೆ ಇಟ್ಟುಕೊಳ್ಳಿ

ಓದುಗರ ಪತ್ರ:

“ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯ ಸ್ವಸಹಾಯ ಸಂಘ. ಎಂಟು ಜನ ಇದ್ದೇವೆ. ಹಲಸಿನ ಹಪ್ಪಳ, ಬಾಳೆಕಾಯಿ ಹಪ್ಪಳ, ಮಿಡಿ ಉಪ್ಪಿನಕಾಯಿ ಮಾಡುತ್ತೇವೆ. ಕಳೆದ ವರ್ಷ ಮಾರ್ಚ್ 8ಕ್ಕೆ ಪಟ್ಟಣದ ಮಹಿಳಾ ದಿನಾಚರಣೆಯಲ್ಲಿ ಎರಡು ದಿನ ಮಳಿಗೆ ಹಾಕಿದ್ದೆವು. ಎಂಟೂ ಜನ ನಾಲ್ಕು ದಿನ, ದಿನಕ್ಕೆ ಐದು ಗಂಟೆ ಕೂತು ಮಾಡಿದ 100 ಕಟ್ಟು ಹಪ್ಪಳ ಒಯ್ದಿದ್ದೆವು. 60 ರೂಪಾಯಿಯಂತೆ 80 ಕಟ್ಟು ಹೋಯಿತು. ಮಳಿಗೆ ಬಾಡಿಗೆ, ಆಟೊ, ಊಟಕ್ಕೆ 1,800 ರೂಪಾಯಿ. ಉಪ್ಪು, ಖಾರ, ಜೀರಿಗೆ, ಕವರ್‌ಗೆ 500. ನಷ್ಟ ಆಗಲಿಲ್ಲ. ಆದರೆ ಏನೋ ಸಿಕ್ಕಿತು ಅಂತಲೂ ಅನ್ನಿಸಲಿಲ್ಲ. ಈ ಸಲ ನಮ್ಮೂರಲ್ಲೇ ಮೇಳ ಮಾಡಿ, ಒಬ್ಬ ದೊಡ್ಡ ಮಹಿಳಾ ಉದ್ಯಮಿಯಿಂದ ಭಾಷಣ ಮಾಡಿಸಿ, ಐದು ಜನ ಸಾಧಕಿಯರಿಗೆ ಸನ್ಮಾನ ಇಟ್ಟುಕೊಳ್ಳೋಣ ಅಂತಿದ್ದೇವೆ. ‘ಹಪ್ಪಳ ಮಾರೋದೂ ಒಂದು ಉದ್ಯಮವಾ?’ ಅಂತ ನಮ್ಮಲ್ಲೇ ಕೆಲವರು ಕೇಳುತ್ತಾರೆ. ನೀವೇನು ಹೇಳುತ್ತೀರಿ?”

ಸಂಪಾದಕರ ಉತ್ತರ:

ಪ್ರಿಯ ಅಕ್ಕ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹೌದು, ಉದ್ಯಮವೇ. 1959ರ ಮಾರ್ಚ್ 15ರಂದು ಮುಂಬೈನ ಗಿರ್ಗಾಂವ್‌ನಲ್ಲಿ ಏಳು ಜನ ಗೃಹಿಣಿಯರು 80 ರೂಪಾಯಿ ಸಾಲ ತಂದು ತಾರಸಿಯ ಮೇಲೆ ಹಪ್ಪಳ ಲಟ್ಟಿಸಲು ಕೂತರು. ಮೊದಲ ದಿನ ಆದದ್ದು ನಾಲ್ಕು ಪ್ಯಾಕೆಟ್. ಅದನ್ನು ಭುಲೇಶ್ವರದ ಪರಿಚಯದ ವ್ಯಾಪಾರಿಗೆ ಕೊಟ್ಟರು. ನಾವು ಅಂಗಡಿಯಲ್ಲಿ ಹೆಸರು ಹೇಳಿ ಕೇಳುವ ಲಿಜ್ಜತ್ ಹಪ್ಪಳ ಶುರುವಾದದ್ದು ಹಾಗೆ. ಅವರಲ್ಲಿ ನನಗೆ ತುಂಬ ಹಿಡಿಸಿದ್ದು ಕೂಲಿಯ ಪದ್ಧತಿ. ಹೆಂಗಸರು ಕೇಂದ್ರದಿಂದ ಹಿಟ್ಟು ಒಯ್ಯುತ್ತಾರೆ, ಮನೆಯಲ್ಲಿ ಲಟ್ಟಿಸಿ ಒಣಗಿಸಿ ಮಾರನೇ ದಿನ ತರುತ್ತಾರೆ, ತೂಕಕ್ಕೆ ತಕ್ಕ ಲಟ್ಟಿಸಿದ ಕೂಲಿ ಪಡೆಯುತ್ತಾರೆ. ಹಪ್ಪಳ ಮಾರಾಟ ಆಗೋ ಮೊದಲೇ ಕೈಕೆಲಸಕ್ಕೆ ದುಡ್ಡು ಬಂದಿರುತ್ತದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಪತ್ರದಲ್ಲಿ ಇಷ್ಟು ಚೊಕ್ಕಟವಾಗಿ ಬರೆದಿದ್ದೀರಲ್ಲ, ಅದೇ ನನಗೆ ಖುಷಿಯಾಯಿತು. 80 ಕಟ್ಟಿಗೆ 4,800 ರೂಪಾಯಿ. ಅದರಲ್ಲಿ ಖರ್ಚು 2,300 ಹೋದರೆ ಉಳಿದದ್ದು 2,500. ಎಂಟು ಜನ, ನಾಲ್ಕು ದಿನ, ಐದು ಗಂಟೆ ಅಂದರೆ 160 ಗಂಟೆ. ಮಳಿಗೆಯಲ್ಲಿ ಇಬ್ಬರು ಎರಡು ದಿನ, ದಿನಕ್ಕೆ ಎಂಟು ಗಂಟೆ ಕೂತಿದ್ದರು ಅಂತ ಇಟ್ಟುಕೊಂಡರೆ ಇನ್ನೂ 32 ಗಂಟೆ. ಒಟ್ಟು 192. ಭಾಗಿಸಿ ನೋಡಿ, ಗಂಟೆಗೆ 13 ರೂಪಾಯಿ ಬರುತ್ತದೆ. ಹಲಸಿನಕಾಯಿಗೆ ಬೆಲೆ ಕಟ್ಟಿಲ್ಲ, ಮನೆ ಮರದ್ದು ಅಂತ ಬಿಟ್ಟಿದ್ದೀರಿ. ಸೌದೆಯೂ ಲೆಕ್ಕದಲ್ಲಿ ಇಲ್ಲ.

‘ಏನೋ ಸಿಕ್ಕಿತು ಅಂತ ಅನ್ನಿಸಲಿಲ್ಲ’ ಎಂದು ಬರೆದಿರಲ್ಲ, ಅದು ಬರೀ ಅನಿಸಿಕೆ ಅಲ್ಲ ಅಕ್ಕ. ನಿಮ್ಮ ಮನಸ್ಸು ಸರಿಯಾಗಿಯೇ ಲೆಕ್ಕ ಹಾಕಿದೆ.

ನಮ್ಮ ಕಡೆಯ ಹೆಂಗಸರಿಗೆ ಕೂಲಿ ಲೆಕ್ಕ ಗೊತ್ತಿಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ಅಡಿಕೆ ಕೊಯ್ಲಿನಲ್ಲಿ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವಾಗ ಡಬ್ಬಕ್ಕೆ ಎಷ್ಟು, ಪಕ್ಕದ ಮನೆಯಲ್ಲಿ ಎಷ್ಟು ಕೊಡುತ್ತಿದ್ದಾರೆ, ಹೋದ ವರ್ಷಕ್ಕಿಂತ ಎಷ್ಟು ಜಾಸ್ತಿ ಎಂದು ಪ್ರತಿಯೊಬ್ಬರಿಗೂ ಬಾಯಲ್ಲೇ ಇರುತ್ತದೆ. ಒಂದು ರೂಪಾಯಿ ಬಿಡುವುದಿಲ್ಲ, ಬಿಡಲೂಬಾರದು. ಅದೇ ಕೈ ಹಪ್ಪಳ ಮಾಡಿದರೆ ಮಾತ್ರ ‘ಮನೆ ಕೆಲಸ ತಾನೇ’ ಅಂತ ಸುಮ್ನೆ ಬಿಟ್ಟುಬಿಡುತ್ತದೆ. ನನ್ನ ಅಮ್ಮನೂ ಹೀಗೇ ಇದ್ದಳು. ಬೇಸಿಗೆಯಲ್ಲಿ ಬೆಳಗಿನ ಜಾವ ಎದ್ದು, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಬಲಿತ ಹಲಸಿನಕಾಯಿ ಹೆಚ್ಚುತ್ತಿದ್ದಳು. ಎಣ್ಣೆ ಹಚ್ಚಿದರೂ ಮೇಣ ಬೆರಳ ಸಂದಿಯಲ್ಲಿ ಕೂತೇ ಕೂರುತ್ತಿತ್ತು. ತೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಒರಳಿಗೆ ಹಾಕಿ ಕುಟ್ಟಬೇಕು. ಆರಿದರೆ ಹಿಟ್ಟು ಗಂಟಾಗುತ್ತದೆ. ಆಮೇಲೆ ಉಂಡೆ ಕಟ್ಟಿ, ಬಾಳೆ ಎಲೆಯ ನಡುವೆ ಇಟ್ಟು, ಮಣೆಯಿಂದ ಒತ್ತಿ, ಚಾಪೆಯ ಮೇಲೆ ಬಿಸಿಲಿಗೆ ಹಾಕುವುದು. ಕಾಗೆ ಕಾಯುವ ಕೆಲಸ ನನ್ನದು. ಸಂಜೆ ಲೆಕ್ಕ ಮಾಡಿ ಇನ್ನೂರಾಯಿತು ಅಂತ ನಗುತ್ತಿದ್ದಳು. ಎಷ್ಟು ಗಂಟೆ ಆಯಿತು ಅಂತ ಅವಳೂ ಕೇಳಲಿಲ್ಲ, ಮನೆಯಲ್ಲಿ ಬೇರೆ ಯಾರೂ ಕೇಳಲಿಲ್ಲ. ಅದು ನನಗೆ ಈಗಲೂ ಬೇಜಾರು.

ಹಾಗಾಗಿ ಮೇಳದ ಮೊದಲ ತಯಾರಿ ಪೆಂಡಾಲ್ ಅಲ್ಲ. ಒಂದು 100 ಪುಟದ ನೋಟ್‌ಬುಕ್. ಯಾರು ಯಾವತ್ತು ಎಷ್ಟು ಹೊತ್ತು ಕೂತರು, ಎಷ್ಟು ಹಪ್ಪಳ ಆಯಿತು, ಎಷ್ಟು ಒಡೆದು ಹೋಯಿತು, ಇಷ್ಟು ಬರೆದಿಟ್ಟರೆ ಸಾಕು. ಬೆಲೆಯನ್ನು ಪಕ್ಕದ ಮಳಿಗೆ ನೋಡಿ ಹಾಕಬೇಡಿ, ಆ ಪುಸ್ತಕ ನೋಡಿ ಹಾಕಿ.

ಇನ್ನು ಮೇಳದ ದಿನ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ, ಬೇಜಾರು ಮಾಡಿಕೊಳ್ಳಬೇಡಿ. ಮಾರ್ಚ್ 8 ಬೇಡ. ಅವತ್ತು ಬೇಕಾದರೆ ಸಭೆ ಮಾಡಿ, ಹಕ್ಕಿನ ಬಗ್ಗೆ ಮಾತಾಡಿ, ಅದು ಅದಕ್ಕೇ ಇರುವ ದಿನ. ವ್ಯಾಪಾರಕ್ಕೆ ಮಾತ್ರ ಆ ದಿನ ನಮ್ಮ ಮಲೆನಾಡಿಗೆ ಹೊಂದುವುದಿಲ್ಲ. ಮಾರ್ಚ್ ಮೊದಲ ವಾರ ಮರದಲ್ಲಿ ಹಲಸು ಇನ್ನೂ ಎಳೆಗುಜ್ಜೆ. ನೀವು ಒಯ್ದದ್ದು ಹಿಂದಿನ ವರ್ಷದ ಹಪ್ಪಳ, ಅಲ್ವಾ? ಒಂದು ಮಳೆಗಾಲ ಡಬ್ಬಿಯಲ್ಲಿ ಕಳೆದದ್ದು. ಮಾವಿನ ಮಿಡಿಯ ಕಾಲವೂ ಆಗ ತಾನೇ ಶುರು. ಹೊಸ ಮಿಡಿ ಉಪ್ಪಿನಲ್ಲಿ ಚಿರುಟಿ, ಖಾರ ಬೆರೆಸಿ, ಮಾಗಿ ಮಾರೋಕೆ ಸಿಗೋದು ಇನ್ನೂ ಎಷ್ಟೋ ವಾರದ ನಂತರ. ಕೊಳ್ಳುವವರ ಕಡೆಯಿಂದ ನೋಡಿದರೂ ಅಷ್ಟೇ. ಮಾರ್ಚ್‌ನಲ್ಲಿ ಯಾವ ಮನೆಯವರಿಗೆ ಹಪ್ಪಳದ ಯೋಚನೆ ಇರುತ್ತದೆ ಹೇಳಿ?

ಮೇ ಮೂರನೇ ವಾರ ನೋಡಿ. ಹಲಸಿನ ಹೊಸ ಹಪ್ಪಳ ಒಣಗಿ ಗರಿಗರಿ ಇರುತ್ತದೆ. ಮಳೆ ಹಿಡಿಯೋಕೆ ಎರಡು ಮೂರು ವಾರ ಬಾಕಿ. ಎಲ್ಲ ಮನೆಯಲ್ಲೂ ಸೌದೆ ಒಳಗೆ ಹಾಕಿ, ಉಪ್ಪು, ಮೆಣಸು, ಸಂಡಿಗೆ, ಹಪ್ಪಳ ಕೂಡಿಡುವ ಗಡಿಬಿಡಿ. ಮೊದಲು ಎಲ್ಲರೂ ಮನೆಯಲ್ಲೇ ಮಾಡುತ್ತಿದ್ದರು. ಈಗ ವಯಸ್ಸಾದವರಿಬ್ಬರೇ ಇರುವ ಮನೆಗಳು ಎಷ್ಟಿವೆ ನಿಮ್ಮೂರಲ್ಲೇ ಎಣಿಸಿ. ಅವರಿಗೆ ಆಸೆ ಇದೆ, ಕೈಲಾಗುವುದಿಲ್ಲ. ಜತೆಗೆ ಬೆಂಗಳೂರಿಂದ ಮಕ್ಕಳು ಮೊಮ್ಮಕ್ಕಳು ರಜೆಗೆ ಬಂದಿರುತ್ತಾರೆ. ಹೊರಡುವಾಗ ಚೀಲ ತುಂಬಿಕೊಂಡು ಹೋಗುವ ಜನ ಅವರು. ಶಾಲೆಗೆ ರಜೆ, ಕಟ್ಟಡ ಖಾಲಿ. ಅನುಮತಿ ಕೇಳಿ ಅಲ್ಲೇ ಮಾಡಿ, ಪೆಂಡಾಲ್ ದುಡ್ಡು ಉಳಿಯುತ್ತದೆ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವ ಕಾಲ, ಹಾಗಾಗಿ ಬೆಳಿಗ್ಗೆ ಎಂಟಕ್ಕೆ ಶುರು ಮಾಡಿ ಒಂದು ಗಂಟೆಗೆ ಮುಗಿಸಿ. ಮನೆಯಲ್ಲಿ ಅಡುಗೆ ಕೆಲಸ ಇರುವವರಿಗೂ ಅದೇ ಅನುಕೂಲ.

ಒಂದು ಸಲ ಮಾಡಿ ಕೈಬಿಡಬೇಡಿ. ಮೇ ಆದ ಮೇಲೆ ಭೂಮಿ ಹುಣ್ಣಿಮೆಗೆ ಮುಂಚೆ ಇನ್ನೊಂದು. ಸಾಗರ, ಸೊರಬ ಕಡೆ ದೀವರು ಸಮುದಾಯದ ಮನೆಗಳಲ್ಲಿ ಭೂಮಣ್ಣಿ ಬುಟ್ಟಿ, ಅಂದರೆ ಆ ಹಬ್ಬಕ್ಕೆ ಹೊಲಕ್ಕೆ ಒಯ್ಯುವ ಚಿತ್ತಾರದ ಬುಟ್ಟಿ ಬರೆಯುವ ಹೆಂಗಸರಿದ್ದಾರಲ್ಲ, ಕೆಮ್ಮಣ್ಣು ಬಳಿದು ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ, ಆ ಗೆರೆ ಒಂದು ಕೂದಲಷ್ಟೂ ಅತ್ತಿತ್ತ ಹೋಗುವುದಿಲ್ಲ. ಅವರನ್ನು ಕರೆಯಿರಿ. ಅವರ ಹಸೆ ಚಿತ್ತಾರದ ಕಲೆಗೆ ಹೊರಗೆ ಹೆಸರಿದೆ, ನಮ್ಮ ಊರ ಸಂತೆಯಲ್ಲಿ ಜಾಗ ಇಲ್ಲ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಏನೂ ಇಟ್ಟುಕೊಳ್ಳಬೇಡಿ, ಯಾರಿಗೂ ಪುರುಸೊತ್ತು ಇರುವುದಿಲ್ಲ.

ಒಂದೇ ಜಾಗ, ಗೊತ್ತಾದ ದಿನ. ಇದು ಯಾಕೆ ಮುಖ್ಯ ಅಂದರೆ, ಹಪ್ಪಳದಲ್ಲಿ ಲಾಭ ಇರುವುದು ಎರಡನೇ ಸಲ ಕೊಳ್ಳುವವರಿಂದ. ಕಳೆದ ವರ್ಷ 80 ಕಟ್ಟು ಒಯ್ದವರು ಮನೆಗೆ ಹೋಗಿ ಕರಿದು ತಿಂದು ‘ಚೆನ್ನಾಗಿದೆ, ಇನ್ನೂ ಬೇಕು’ ಅಂದುಕೊಂಡಿದ್ದರೆ ನಿಮ್ಮನ್ನು ಎಲ್ಲಿ ಹುಡುಕಬೇಕಿತ್ತು? ಕಟ್ಟಿನ ಮೇಲೆ ಫೋನ್ ನಂಬರ್ ಇತ್ತೇ? ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಇದೆ. ಹೆಣ್ಣುಮಕ್ಕಳೇ ನಡೆಸುವ ಕೈಮಗ್ಗದ ಸಹಕಾರ ಸಂಘ. ಅಡಿಕೆ ಚೊಗರು, ದಾಳಿಂಬೆ ಸಿಪ್ಪೆಯಿಂದ ಬಣ್ಣ ಹಾಕಿದ ಬಟ್ಟೆ ಅವರದ್ದು. ಅದು ಉಳಿದು ಬೆಳೆದದ್ದರಲ್ಲಿ ‘ದೇಸಿ’ ಅಂಗಡಿಗಳ ಪಾಲು ದೊಡ್ಡದು. ಬಟ್ಟೆ ಹಿಡಿಸಿದವರು ಮತ್ತೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಿತ್ತು. ಶಿರಸಿಯ ವನಸ್ತ್ರೀ ಬಳಗವೂ ಹಾಗೇ. 2001ರಿಂದ ಕೈತೋಟದ ಹೆಂಗಸರು ಬೀಜ ಉಳಿಸಿ, ಹಂಚಿಕೊಂಡು, ಮಲೆನಾಡ ಮೇಳ ಮಾಡುತ್ತಾ ಬಂದಿದ್ದಾರೆ. ಒಬ್ಬರ ಹಿತ್ತಲ ಸೌತೆ ಬೀಜ ಇನ್ನೊಬ್ಬರ ಹಿತ್ತಲಿಗೆ ಹೋಗುತ್ತದೆ. ಸಾಧ್ಯವಾದರೆ ನಿಮ್ಮ ಎಂಟು ಜನರಲ್ಲಿ ಇಬ್ಬರಾದರೂ ಒಮ್ಮೆ ಇವೆರಡು ಕಡೆ ಹೋಗಿ ನೋಡಿ ಬನ್ನಿ.

ಈಗ ಭಾಷಣ ಮತ್ತು ಸನ್ಮಾನ. ನಾನು ವರದಿಗಾರ್ತಿಯಾಗಿದ್ದಾಗ ಕಂಡ ಒಂದು ಮೇಳದ ವಿಷಯ ಹೇಳಬೇಕು. ದೊಡ್ಡ ವೇದಿಕೆ, ಹೂವಿನ ಅಲಂಕಾರ. ಮಹಿಳೆಯರ ಮಳಿಗೆಗಳು ವೇದಿಕೆಯ ಹಿಂದೆ, ಜನರೇಟರ್ ಪಕ್ಕ. ಅಲ್ಲಿ ಒಬ್ಬರು ತೊಡೆದೇವು ಅನ್ನುವ ಸಿಹಿ ತಿಂಡಿ ಮಾಡಲು ಬಂದಿದ್ದರು. ಒಲೆ ಹೂಡಿ, ಮಡಕೆ ಬೋರಲು ಹಾಕಿ, ಇನ್ನೇನು ಕಾದಿತು ಅನ್ನುವಾಗ ಸಂಘಟಕರೊಬ್ಬರು ಓಡಿ ಬಂದು ಬೆಂಕಿ ಆರಿಸಲು ಹೇಳಿದರು. ಹೊಗೆ ವೇದಿಕೆಗೆ ಬರುತ್ತಿದೆಯಂತೆ. ಭಾಷಣ ಮುಗಿಯುವವರೆಗೆ, ಸುಮಾರು ಎರಡು ಗಂಟೆ, ಆ ಅಮ್ಮ ತಣ್ಣಗಾದ ಮಡಕೆಯ ಮುಂದೆ ಕೂತೇ ಇದ್ದರು. ಭಾಷಣ ಇದ್ದದ್ದು ಮಹಿಳೆಯರ ಸ್ವಾವಲಂಬನೆಯ ಬಗ್ಗೆ.

ಸಭೆ ಮುಗಿದ ಮೇಲೆ ಅವರು ಮತ್ತೆ ಒಲೆ ಹಚ್ಚಿದರು. ಕೋಲಿಗೆ ಸುತ್ತಿದ ಬಟ್ಟೆಯನ್ನು ಕಬ್ಬಿನ ಹಾಲಿನ ಹಿಟ್ಟಿನಲ್ಲಿ ಅದ್ದಿ, ಬೋರಲು ಮಡಕೆಯ ಮೇಲೆ ಒಂದೇ ಎಳೆತಕ್ಕೆ ಬಳಿದರು. ಚುಯ್ ಅಂತ ಸದ್ದು. ಕಣ್ಣು ಮಿಟುಕಿಸುವಷ್ಟರಲ್ಲಿ ಕಾಗದದಂಥ ಹಾಳೆ ಎದ್ದಿತು. ಬಿಸಿ ಇರುವಾಗಲೇ ಮಡಚಿಟ್ಟರು. ಹೊರಟಿದ್ದ ಜನ ನಿಂತರು. ಐದು ನಿಮಿಷದಲ್ಲಿ ಸಾಲು ಆಯಿತು. ಆದರೆ ಹೊತ್ತು ಮುಳುಗುತ್ತಿತ್ತು, ಅವರಿಗೆ ಕೊನೆಯ ಬಸ್ಸು ಹಿಡಿಯಬೇಕಿತ್ತು. ಅರ್ಧ ಪಾತ್ರೆ ಹಿಟ್ಟು ಚೆಲ್ಲಿ ಹೋದರು.

ಅದಕ್ಕೇ ಹೇಳುತ್ತೇನೆ, ವೇದಿಕೆಯೇ ಬೇಡ. ಶಾಲೆಯ ಜಗುಲಿಯಲ್ಲಿ ಒಲೆ ಇರಲಿ. ಹಪ್ಪಳ ಅಲ್ಲೇ ಒತ್ತಿ ತೋರಿಸಿ, ಒಣಗಿದ್ದನ್ನು ಅಲ್ಲೇ ಕರಿದು ರುಚಿಗೆ ಕೊಡಿ. ಮಾಡುವುದನ್ನು ಕಣ್ಣಾರೆ ಕಂಡವರು ಚೌಕಾಸಿ ಕಡಿಮೆ ಮಾಡುತ್ತಾರೆ.

ಪ್ರೇರಣೆ ಬೇಡವೇ ಅಂತ ಕೇಳುತ್ತೀರಿ. ಬೇಕು, ತುಂಬಾ ಬೇಕು. ದೂರದಿಂದ ಬರುವ ಉದ್ಯಮಿಯ ಮಾತು ಚೆನ್ನಾಗಿಯೇ ಇರುತ್ತದೆ. ಆದರೆ ಕೋಟಿಯ ಮಾತು ಕೇಳಿ ಮನೆಗೆ ಹೋದ ಹೆಣ್ಣುಮಗಳು ಮಾರನೇ ದಿನ ಬೆಳಿಗ್ಗೆ ಏನು ಮಾಡಬೇಕು? ಅದರ ಬದಲು ನಿಮ್ಮ ಪಕ್ಕದ ಊರಲ್ಲಿ ಐದು ವರ್ಷದಿಂದ ಉಪ್ಪಿನಕಾಯಿ ಮಾರುವವರನ್ನು ಚಾಪೆಯ ಮೇಲೆ ಕೂರಿಸಿ, ಹಾಳಾದ ಮೊದಲ ಜಾಡಿಯ ಕಥೆ ಹೇಳಿಸಿ. ಮಿಡಿ ನೆಲಕ್ಕೆ ಬಿದ್ದದ್ದು ಗೊತ್ತಾಗದೆ ಹಾಕಿದ್ದು, ಸೌಟಿನಲ್ಲಿ ಒಂದು ಹನಿ ನೀರಿದ್ದದ್ದು, ಬೂಷ್ಟು ಬಂದದ್ದು, ಆ ದುಡ್ಡು ಹೇಗೆ ತೀರಿಸಿದರು ಅನ್ನುವುದು. ಕೇಳುತ್ತಾ ಕೂತವರು ‘ನನಗೂ ಹೀಗೇ ಆಗಿತ್ತು’ ಅಂತ ಬಾಯಿ ಬಿಡುತ್ತಾರೆ. ನನ್ನ ಅನುಭವದಲ್ಲಿ ಹೊಸಬರು ಧೈರ್ಯ ಮಾಡುವುದು ಅಂಥ ಮಾತಿನಿಂದಲೇ. ಸನ್ಮಾನಕ್ಕೆ ಇಟ್ಟ ದುಡ್ಡಿನಲ್ಲಿ ಒಂದು ಒಳ್ಳೆಯ ತಕ್ಕಡಿ ಮತ್ತು ಕವರ್ ಬಾಯಿ ಮುಚ್ಚುವ ಯಂತ್ರ ತನ್ನಿ. ಎಂಟೂ ಜನಕ್ಕೆ ವರ್ಷವಿಡೀ ಉಪಯೋಗಕ್ಕೆ ಬರುತ್ತದೆ.

ಅಧಿಕಾರಿಗಳನ್ನು ಕರೆಯಿರಿ, ಖಂಡಿತ ಕರೆಯಿರಿ. ಅವರಿಗೆ ಒಂದು ಮೇಜು, ಎರಡು ಕುರ್ಚಿ, ಅರ್ಜಿ ನಮೂನೆಗಳ ಕಟ್ಟು ಇಟ್ಟುಕೊಡಿ. ತಿನ್ನುವ ಪದಾರ್ಥ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಸಣ್ಣ ತಯಾರಕರಿಗೆ ಸರಳ ನೋಂದಣಿಯೇ ಸಾಕು. ಆ 14 ಅಂಕಿಯ ನಂಬರ್ ಕಟ್ಟಿನ ಮೇಲೆ ಇದ್ದರೆ ಅಂಗಡಿಯವರು ಧೈರ್ಯವಾಗಿ ಇಟ್ಟುಕೊಳ್ಳುತ್ತಾರೆ. ಸಣ್ಣ ಆಹಾರ ಉದ್ಯಮಗಳಿಗೆಂದು 2020ರಲ್ಲಿ ಬಂದ ಕೇಂದ್ರದ ಪಿಎಂಎಫ್‌ಎಂಇ ಯೋಜನೆ, ಮಹಿಳೆಯರಿಗೆಂದೇ ಇರುವ ರಾಜ್ಯದ ಉದ್ಯೋಗಿನಿ ಯೋಜನೆ, ಇವುಗಳ ಈಗಿನ ನಿಯಮ ಏನು, ನಿಮ್ಮ ಸಂಘಕ್ಕೆ ಯಾವುದು ಹೊಂದುತ್ತದೆ ಎಂದು ಅವತ್ತೇ ಅಲ್ಲೇ ಕೇಳಿ, ಅರ್ಜಿ ಅಲ್ಲೇ ತುಂಬಿಸಿ. ಸಾಲದ ವಿಷಯದಲ್ಲಿ ಅವಸರ ಬೇಡ. ನೋಟ್‌ಬುಕ್ಕಿನಲ್ಲಿ ಒಂದು ವರ್ಷದ ಲೆಕ್ಕ ಇರಲಿ, ಆಮೇಲೆ ಬ್ಯಾಂಕಿನ ಮೆಟ್ಟಿಲು ಹತ್ತಿ.

ನಮ್ಮ ಪತ್ರಿಕೆಯಿಂದ ಏನಾಗುತ್ತದೆ ಅಂದರೆ, ಮೇ ಸಂಚಿಕೆಯಲ್ಲಿ ನಿಮ್ಮ ಸಂತೆಯ ದಿನ, ಜಾಗ, ಏನೇನು ಸಿಗುತ್ತದೆ ಅನ್ನುವುದನ್ನು ಅರ್ಧ ಪುಟ ಹಾಕುತ್ತೇವೆ. ದುಡ್ಡು ಬೇಡ. ಏಪ್ರಿಲ್ 10ರ ಒಳಗೆ ವಿವರ ಕಳಿಸಿ. ಬೇರೆ ಊರಿನ ಸಂಘದವರು ಇದನ್ನು ಓದುತ್ತಿದ್ದರೆ ಅವರೂ ಕಳಿಸಬಹುದು.

ಆ ನೋಟ್‌ಬುಕ್ಕನ್ನೂ ಜತೆಗಿಟ್ಟುಕೊಂಡು ಒಂದು ಭಾನುವಾರ ಶಿವಮೊಗ್ಗಕ್ಕೆ ಬನ್ನಿ. ಅಥವಾ ನಾನೇ ಬರುತ್ತೇನೆ, ಹಪ್ಪಳ ಒತ್ತುವ ದಿನ ಹೇಳಿ ಕಳಿಸಿ. ಕೈಗೆ ಎಣ್ಣೆ ಹಚ್ಚಿಕೊಂಡು ನಿಮ್ಮ ಜತೆ ಕೂರುತ್ತೇನೆ. ಸಂಜೆ ಎಂಟೂ ಜನ ಸೇರಿ ಒಂದು ಕಟ್ಟಿಗೆ ಎಷ್ಟು ಅಂತ ಬೆಲೆ ಹಾಕೋಣ.

ನಿಮ್ಮ,
ಸಂಪಾದಕಿ