ಕೊಳದಲ್ಲಿ ಈಜಬಲ್ಲ ಮಗು ನಾಲೆಯಲ್ಲಿ ಸುರಕ್ಷಿತವೇ?

ಪ್ರಶ್ನೆ: ನನ್ನ ಮಗನಿಗೆ ಒಂಬತ್ತು ವರ್ಷ, ಮಗಳಿಗೆ ನಾಲ್ಕು. ಏಪ್ರಿಲ್‌ನಲ್ಲಿ ರಜೆ ಆರಂಭವಾದ ಕೂಡಲೇ ಇಬ್ಬರೂ ಮಂಡ್ಯದ ಸಮೀಪವಿರುವ ನನ್ನ ತವರಿಗೆ ಹೊರಡುತ್ತಾರೆ. ಅಲ್ಲಿ ಮನೆಯಿಂದ ಕೂಗಳತೆಯ ದೂರದಲ್ಲಿ ವಿಶ್ವೇಶ್ವರಯ್ಯ ನಾಲೆಯಿದೆ, ಹೊಲದಲ್ಲಿ ಕೃಷಿ ಹೊಂಡವೂ ಇದೆ. ಮಗ ಇಲ್ಲಿ ಅಪಾರ್ಟ್‌ಮೆಂಟಿನ ಕೊಳದಲ್ಲಿ ಈಜು ಕಲಿತು ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಬಲ್ಲ. ಅಷ್ಟು ಸಾಕೇ? ಹೆಚ್ಚು ಎಚ್ಚರಿಸಿದರೆ ನೀರೆಂದರೆ ಭಯಪಡುವಂತಾದೀತೇ ಎಂಬ ಅಳುಕೂ ಇದೆ.
– ಒಬ್ಬ ತಾಯಿ, ರಾಜಾಜಿನಗರ, ಬೆಂಗಳೂರು

ಉತ್ತರ: ಈಜು ಕಲಿಸಿರುವುದು ಬಹಳ ಒಳ್ಳೆಯದು, ಆದರೆ ಅಷ್ಟೇ ಸಾಲದು. ಕೊಳದ ನೀರು ನಿಂತ ನೀರು, ಅದರ ತಳ ಕಾಣುತ್ತದೆ, ಅಂಚಿನಲ್ಲಿ ಹಿಡಿಯಲು ಕಂಬಿಯಿರುತ್ತದೆ. ನಾಲೆಯಲ್ಲಿ ಇವು ಯಾವುವೂ ಇಲ್ಲ. ಕೃಷ್ಣರಾಜಸಾಗರದಿಂದ ಬೇಸಿಗೆ ಬೆಳೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ನೀರು ಬಿಡುವುದರಿಂದ, ನಿನ್ನೆ ಮೊಣಕಾಲುದ್ದ ಇದ್ದ ನಾಲೆ ಇಂದು ಆಳುದ್ದ ತುಂಬಿ ರಭಸದಿಂದ ಹರಿಯುತ್ತಿರಬಹುದು; ಸಿಮೆಂಟಿನ ಇಳಿಜಾರು ಪಾಚಿಗಟ್ಟಿದ್ದರೆ ದಡ ಮುಟ್ಟಿದವರಿಗೂ ಮೇಲೇರುವುದು ಕಷ್ಟ. ಕೃಷಿ ಹೊಂಡ ನನ್ನ ಅಭಿಪ್ರಾಯದಲ್ಲಿ ಇನ್ನೂ ಮೋಸದ ಜಾಗ, ಏಕೆಂದರೆ ನೋಡಲು ಅದು ಶಾಂತವಾಗಿರುತ್ತದೆ, ಆದರೆ ಒಳಗೆ ಹಾಸಿದ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಒದ್ದೆ ಪಾದ ನಿಲ್ಲುವುದಿಲ್ಲ, ಮಗು ಹತ್ತಲು ಯತ್ನಿಸಿದಷ್ಟೂ ಜಾರುತ್ತದೆ. ಮಕ್ಕಳು ತಲುಪುವ ಮೊದಲೇ ನಿಮ್ಮ ತಂದೆಯವರಿಗೆ ಫೋನ್ ಮಾಡಿ, ಹೊಂಡದ ಸುತ್ತ ಬೇಲಿಯನ್ನೂ, ಗೂಟಕ್ಕೆ ಬಿಗಿದು ನೀರಿನೊಳಗೆ ಇಳಿಬಿಟ್ಟ ಗಂಟು ಹಗ್ಗವನ್ನೂ ಹಾಕಿಸಲು ಹೇಳಿ.

ಉಳಿದಿರುವ ದಿನಗಳಲ್ಲಿ ಮಗನಿಗೆ ವೇಗ ಕಲಿಸುವ ಬದಲು, ದಣಿದಾಗ ಅಂಗಾತ ತೇಲಿ ಉಸಿರಾಡುವುದನ್ನೂ, ಅನಿರೀಕ್ಷಿತವಾಗಿ ಬಿದ್ದಾಗ ತಿರುಗಿ ಅಂಚಿಗೆ ಬರುವುದನ್ನೂ ಕಲಿಸುವಂತೆ ತರಬೇತುದಾರರನ್ನು ಕೇಳಿ. ಒಮ್ಮೆಯಾದರೂ ಅವರ ಎದುರಿನಲ್ಲೇ ಷರ್ಟು, ಪ್ಯಾಂಟು ಹಾಕಿಕೊಂಡು ಈ ಅಭ್ಯಾಸ ಮಾಡಲಿ. ನಾಲೆಗೆ ಜಾರಿ ಬೀಳುವ ಮಗು ಈಜುಡುಗೆಯಲ್ಲಿ ಇರುವುದಿಲ್ಲ.

ಇದಕ್ಕಿಂತಲೂ ಮುಖ್ಯವಾದ ಪಾಠ ಬೇರೊಂದಿದೆ. ಪ್ರತಿ ಬೇಸಿಗೆಯಲ್ಲೂ ಒಂದೇ ಮನೆಯ ಅಥವಾ ಒಂದೇ ಗೆಳೆಯರ ಗುಂಪಿನ ಇಬ್ಬರು ಮೂವರು ಮಕ್ಕಳು ಒಟ್ಟಿಗೆ ಮುಳುಗಿದ ಸುದ್ದಿ ಓದುತ್ತೇವೆ. ಮೊದಲು ಬಿದ್ದದ್ದು ಒಬ್ಬ, ಉಳಿದವರು ಅವನನ್ನು ಎತ್ತಲು ಇಳಿದವರು. ಮುಳುಗುತ್ತಿರುವವನು ಹತ್ತಿರ ಬಂದವನನ್ನು ಅಪ್ಪಿ ಹಿಡಿದು ಕೆಳಕ್ಕೆ ಒತ್ತುತ್ತಾನೆಂಬುದು ಮಕ್ಕಳಿಗೆ ತಿಳಿದಿರುವುದಿಲ್ಲ. ಆದ್ದರಿಂದ ಯಾರೇ ಬಿದ್ದರೂ ತಾನು ನೀರಿಗೆ ಇಳಿಯಬಾರದು, ಮೊದಲು ಜೋರಾಗಿ ಕೂಗಿ ದೊಡ್ಡವರನ್ನು ಕರೆಯಬೇಕು, ಅನಂತರ ದಡದ ಮೇಲೆ ಮಲಗಿಕೊಂಡು ಬಿದಿರು ಗಳವನ್ನೋ ಪಂಚೆಯನ್ನೋ ಚಾಚಬೇಕು, ಇಲ್ಲವೇ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನು ಎಸೆಯಬೇಕು ಎಂದು ಹೇಳಿ, ಮನೆಯಂಗಳದಲ್ಲಿ ಆಟದಂತೆ ಮಾಡಿಸಿ.

ನಾಲ್ಕು ವರ್ಷದ ಮಗಳ ವಿಷಯದಲ್ಲಿ ಪಾಠವನ್ನು ನಂಬುವಂತಿಲ್ಲ, ಕಾವಲೇ ಬೇಕು. 2021ರಲ್ಲಿ ಜಗತ್ತಿನಾದ್ಯಂತ ನೀರಿನಲ್ಲಿ ಮುಳುಗಿ ಮೃತಪಟ್ಟ ಸುಮಾರು 3 ಲಕ್ಷ ಜನರಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಈ ವಯಸ್ಸಿನ ಮಗುವಿಗೆ ಅರ್ಧ ಬಕೆಟ್ ನೀರೂ ಅಪಾಯಕಾರಿ. ಬೆಂಗಳೂರಿನ ಮನೆಯಲ್ಲೇ ಇರುವ ಸಂಪಿನ ಮುಚ್ಚಳಕ್ಕೆ ಬೀಗವಿದೆಯೇ, ನೀರಿನ ಅಭಾವಕ್ಕೆಂದು ತುಂಬಿಟ್ಟ ಡ್ರಮ್ಮಿಗೆ ಮುಚ್ಚಳವಿದೆಯೇ ಎಂದು ಇಂದೇ ನೋಡಿ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ಉಸಿರಿಗೇ ಅವಕಾಶವಿಲ್ಲದಿರುವಾಗ ಕೂಗುವುದೆಂತು? ಬಂಧುಗಳು ತುಂಬಿದ ಮನೆಯಲ್ಲಿ ಎಲ್ಲರೂ ನೋಡುತ್ತಿದ್ದಾರೆಂದುಕೊಂಡು ಯಾರೂ ನೋಡದಿರುವ ಹೊತ್ತು ಬರುತ್ತದೆ. ಹೊತ್ತುಹೊತ್ತಿಗೆ ಇಂಥವರೇ ಎಂದು ಹೆಸರು ಹೇಳಿ ಜವಾಬ್ದಾರಿ ವಹಿಸಿ. ಆ ವೇಳೆ ಅವರ ಕೈಯಲ್ಲಿ ಮೊಬೈಲ್ ಬೇಡ. ಗಾಳಿ ತುಂಬಿದ ತೋಳುಪಟ್ಟಿಗಳು ಆಟಿಕೆಗಳೇ ಹೊರತು ರಕ್ಷಣಾ ಸಾಧನಗಳಲ್ಲ.

ಭಯದ ಬಗ್ಗೆ ಕೇಳಿದ್ದೀರಿ. ನೀರಿನಲ್ಲಿ ದೆವ್ವವಿದೆ ಎಂದು ಹೆದರಿಸಬೇಡಿ, ಅದು ಸುಳ್ಳೆಂದು ಗೊತ್ತಾದ ದಿನ ಎಚ್ಚರವೂ ಹೋಗುತ್ತದೆ. ಅದರ ಬದಲು ಸೋದರಮಾವನೊಂದಿಗೆ ಮಗನನ್ನು ನಾಲೆಯ ಏರಿಯ ಮೇಲೆ, ನೀರಿನಿಂದ ದೂರದಲ್ಲಿ ನಿಲ್ಲಿಸಿ, ಮಾವನೇ ಒಂದು ಕಡ್ಡಿಯನ್ನು ನೀರಿಗೆ ಎಸೆಯಲಿ. ಅದು ಎಷ್ಟು ಬೇಗ ಕಣ್ಮರೆಯಾಯಿತೆಂದು ನೋಡಿದ ಹುಡುಗನಿಗೆ ದೊಡ್ಡವರಿಲ್ಲದೆ ಇತ್ತ ಬರಬಾರದೆಂಬ ಮಾತು ಅರ್ಥವಾಗುತ್ತದೆ.

ಮನೆಯ ದೊಡ್ಡವರಿಗೂ ಒಂದು ಮಾತು. ನೀರಿನಿಂದ ತೆಗೆದ ಮಗುವನ್ನು ತಲೆಕೆಳಗು ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ನಡೆಯುತ್ತಿದೆ. ಇದರಿಂದ ಅಮೂಲ್ಯ ನಿಮಿಷಗಳು ಹಾಳಾಗುವುದಲ್ಲದೆ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಇಳಿಯಬಹುದು. ಮಗುವಿಗೆ ಪ್ರಜ್ಞೆಯಿಲ್ಲದೆ ಉಸಿರಾಟವೂ ನಿಂತಿದ್ದರೆ ಒಬ್ಬರು 112ಕ್ಕೆ ಕರೆ ಮಾಡುವಾಗಲೇ ಇನ್ನೊಬ್ಬರು ಬಾಯಿಯ ಮೂಲಕ ಉಸಿರು ಕೊಟ್ಟು, ಅನಂತರ ಎದೆಯ ನಡುವೆ 30 ಸಲ ಒತ್ತಿ 2 ಸಲ ಉಸಿರು ಕೊಡುವ ಕ್ರಮವನ್ನು ನೆರವು ಬರುವವರೆಗೆ ಮುಂದುವರಿಸಬೇಕು. ಊರಿಗೆ ಹೊರಡುವ ಮೊದಲು ನೀವೂ ನಿಮ್ಮ ಯಜಮಾನರೂ ಇದನ್ನು ಪ್ರಥಮ ಚಿಕಿತ್ಸಾ ತರಬೇತಿಯಲ್ಲಿ ಕೈಯಾರೆ ಕಲಿಯಿರಿ. ಮಗು ಚೇತರಿಸಿಕೊಂಡು ಮಾತನಾಡಿದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು, ಏಕೆಂದರೆ ಉಸಿರಾಟದ ತೊಂದರೆ ಕೆಲವು ಗಂಟೆಗಳ ನಂತರ ಉಲ್ಬಣಿಸಬಹುದು.