ಕೈಬೆರಳುಗಳಲ್ಲಿ ಕೀಲುನೋವಿರುವವರಿಗೆ ದಪ್ಪ ಹಿಡಿಯ ಚಮಚ ಏಕೆ ಸುಲಭ?

ದಪ್ಪ ಹಿಡಿಗೆ ಬೆರಳುಗಳನ್ನು ಪೂರ್ತಿ ಮಡಚಬೇಕಾಗಿಲ್ಲ, ಬಿಗಿಯಾಗಿ ಒತ್ತಬೇಕಾಗಿಯೂ ಇಲ್ಲ. ನೋವು ಕಡಿಮೆಯಾಗುವುದು ಅದಕ್ಕೇ. ತೆಳು ಚಮಚ ಜಾರದಂತೆ ಬೆರಳ ತುದಿಗಳಲ್ಲಿ ಚಿವುಟಿ ಹಿಡಿಯುತ್ತೇವೆ. ತುದಿಯಲ್ಲಿ ಹಾಕಿದ ಒತ್ತಡ ಹೆಬ್ಬೆರಳಿನ ಬುಡದ ಕೀಲಿನ ಮೇಲೆ ಹಲವು ಪಟ್ಟಾಗಿ ಬೀಳುತ್ತದೆ. ದಪ್ಪ ಹಿಡಿಯಲ್ಲಿ ಆ ಭಾರ ಅಂಗೈಗೂ ಹಂಚಿಹೋಗುತ್ತದೆ.

ಹೊಸದನ್ನು ಕೊಳ್ಳಲೇಬೇಕೆಂದಿಲ್ಲ. ಎಸಿಯ ತಾಮ್ರದ ಕೊಳವೆಗೆ ಹೊದಿಸುವ ಕಪ್ಪು ಫೋಮ್ ಕೊಳವೆಯನ್ನು ಅಂಗೈಯಗಲ ಕತ್ತರಿಸಿ ಚಮಚದ ಹಿಡಿಗೆ ತೂರಿಸಿ. ಸಡಿಲವೆನಿಸಿದರೆ ಒಳಗೆ ಬಟ್ಟೆ ಸುತ್ತಿ. ಹಲ್ಲುಜ್ಜುವ ಬ್ರಷ್‌ಗೂ ಪೆನ್ನಿಗೂ ಇದೇ ಸಾಕು. ಪ್ರತಿ ಸಲ ತೊಳೆದ ಮೇಲೆ ಕಳಚಿ ಒಣಗಿಸಿ, ಇಲ್ಲದಿದ್ದರೆ ಒಳಗೆ ಬೂಷ್ಟು ಹಿಡಿಯುತ್ತದೆ. ವಿಪರೀತ ದಪ್ಪವೂ ಬೇಡ: ಬೆರಳುಗಳು ಸುತ್ತಿಕೊಳ್ಳಲಾಗದಿದ್ದರೆ ಮತ್ತೆ ಬಿಗಿ ಹಿಡಿಯಬೇಕಾಗುತ್ತದೆ.