ಬೇರೆಯವರ ಮೇಲೆ ಪ್ರಭಾವ ಬೀರುವುದು ಒಳ್ಳೆಯದಾ, ಕೆಟ್ಟದ್ದಾ?

ಇನ್ನೊಬ್ಬರ ಮೇಲೆ ಪ್ರಭಾವ ಬೀರುವುದರಲ್ಲೇ ಏನಾದರೂ ಕೆಟ್ಟದ್ದು ಇದೆಯಾ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲಿ ನಡೆದದ್ದು ಹೇಳುತ್ತೇನೆ.

2022ರಲ್ಲಿ ನಮ್ಮ ತಾತ ತೀರಿಕೊಂಡರು. ನೇತ್ರದಾನದ ಫಾರಂಗೆ ಮುಂಚೆಯೇ ಸಹಿ ಹಾಕಿದ್ದರು. ಆದರೆ ಸಹಿಯೊಂದೇ ಸಾಲದು. ಮನೆಯವರು ಒಪ್ಪಬೇಕು, ಸುಮಾರು ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ತಾತನ ತಲೆಯ ಬಳಿ ದೀಪ ಹಚ್ಚಿಟ್ಟಾಗಿತ್ತು. ದೊಡ್ಡಪ್ಪ ಮಾತ್ರ "ಕಣ್ಣು ಕಿತ್ತು ಕಳಿಸಿದರೆ ಮುಂದಿನ ಜನ್ಮದಲ್ಲಿ ಕುರುಡರಾಗಿ ಹುಟ್ತಾರೆ" ಅಂತ ಹಟ ಹಿಡಿದು ಕೂತರು. ನಾನು ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಭಾಗ), ಅದರ ಪದರ ಅಂತೆಲ್ಲ ವಿವರಿಸಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಂದೇ ಮಾತು ಕೇಳಿದರು: "ಅಪ್ಪು ಕೊಡ್ಲಿಲ್ವಾ?"

ದೊಡ್ಡಪ್ಪ ಸುಮ್ಮನಾದರು.

2021ರ ಅಕ್ಟೋಬರ್ 29ರಂದು ಅಪ್ಪು, ಅಂದರೆ ನಟ ಪುನೀತ್ ರಾಜ್‌ಕುಮಾರ್, ಹೋದಾಗ ಅವರ ಎರಡು ಕಣ್ಣುಗಳ ಕಾರ್ನಿಯಾವನ್ನು ಪದರ ಬಿಡಿಸಿ ನಾಲ್ಕು ಜನರಿಗೆ ಹಾಕಿದ್ದರು. 2006ರಲ್ಲಿ ಅವರ ತಂದೆ ರಾಜ್‌ಕುಮಾರ್ ಅವರ ಕಣ್ಣುಗಳೂ ದಾನವಾಗಿದ್ದವು. ಅಪ್ಪು ಹೋದ ಮೇಲೆ ಜನ ಮುಗಿಬಿದ್ದು ನೇತ್ರದಾನಕ್ಕೆ ಹೆಸರು ಬರೆಸಿದರು. ವ್ಯಾಯಾಮ ಮಾಡಿದ ಮೇಲೆ ಹೃದಯಾಘಾತವಾಗಿ ಬಂದ ಅದೇ ಸಾವು ಜಿಮ್ ಅಂದರೆ ಭಯವನ್ನೂ ಹುಟ್ಟಿಸಿತು. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯ ತಪಾಸಣೆಗೆ ನೂಕುನುಗ್ಗಲು. ವರ್ಷದ ಫೀಸು ಕಟ್ಟಿದ್ದ ನನ್ನ ತಮ್ಮ ಮತ್ತೆ ಜಿಮ್ ಕಡೆ ತಲೆ ಹಾಕಲಿಲ್ಲ. (ಈಗ ಹೊಟ್ಟೆ ಬಂದಿದೆ.) ಇದನ್ನು ಅಪ್ಪು ಬಯಸಿರಲಿಲ್ಲ, ಅಲ್ವಾ? ಹಾಗಾಗಿ ಉದ್ದೇಶ ಒಳ್ಳೆಯದಿದ್ದರೆ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ದೊಡ್ಡಪ್ಪನ ಹಟದ ಹಿಂದೆ ಇದ್ದದ್ದೂ ತಾತನ ಮೇಲಿನ ಪ್ರೀತಿಯೇ.

ನಾನು ನೋಡುವುದು ಇಷ್ಟೇ: ಹೇಳುವವನು ಯಾಕೆ ಹೇಳುತ್ತಿದ್ದಾನೆ ಅಂತ ಕೇಳುವವರಿಗೆ ಗೊತ್ತಾ? ದೊಡ್ಡಪ್ಪ, ದೊಡ್ಡಮ್ಮ ಇಬ್ಬರೂ ಮನಸ್ಸಿನಲ್ಲಿದ್ದದ್ದನ್ನೇ ಎಲ್ಲರೆದುರು ಹೇಳಿದರು. ನಾನು ಹಾಗೆ ಮಾಡದ ದಿನ ಒಂದಿದೆ. ಕೆಲವು ವರ್ಷ ವಿಮೆ ಏಜೆಂಟ್ ಆಗಿದ್ದೆ. ಪಕ್ಕದ ಮನೆ ಆಂಟಿಗೆ "ನಮ್ಮಮ್ಮನಿಗೂ ಇದೇ ಪಾಲಿಸಿ ಮಾಡಿಸಿದ್ದೀನಿ" ಅಂದೆ. ಸುಳ್ಳಲ್ಲ, ಮಾಡಿಸಿದ್ದೆ. ಆದರೆ ಅವತ್ತು ತಿಂಗಳ ಕೊನೆ. ನನ್ನ ಟಾರ್ಗೆಟ್‌ಗೆ ಒಂದು ಪಾಲಿಸಿ ಕಡಿಮೆ ಇತ್ತು. ಅದನ್ನು ಬಾಯಿ ಬಿಡಲಿಲ್ಲ. ಆಂಟಿ ಕನ್ನಡಕ ಕೂಡ ಹುಡುಕದೆ, ನಾನು ಬೆರಳಿಟ್ಟ ಕಡೆಯೆಲ್ಲ ಸಹಿ ಹಾಕಿದರು. "ನೀನು ಹೇಳಿದ ಮೇಲೆ ಓದೋದೇನು" ಅಂದರು.

ಪಾಲಿಸಿ ಕೆಟ್ಟದ್ದೇನಲ್ಲ, ಈಗಲೂ ಕಂತು ಕಟ್ಟುತ್ತಿದ್ದಾರೆ. ಹಬ್ಬಕ್ಕೆ ಹೋಳಿಗೆ ಕಳಿಸಿದಾಗಲೆಲ್ಲ ಹೇಳಿಬಿಡೋಣ ಅನಿಸುತ್ತದೆ. ಇನ್ನೂ ಹೇಳಿಲ್ಲ.